ಕ್ಯಾಕ್ಟಸ್ ಇಟ್ಟವರು ಮೊದಲು ಕುಂಡದ ತಳ ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಮನೆಯೊಳಗೆ ಕ್ಯಾಕ್ಟಸ್ ಬೆಳೆಸಲು ಏನೇನು ಸಾಮಾನು ಬೇಕು, ಏನೇನು ಬೇಡ ಎಂಬುದನ್ನು ಇಂದು ಹೇಳುತ್ತೇನೆ. ಈ ಮಾತು ದೊಡ್ಡ ಸಂಗ್ರಹ ಇಟ್ಟುಕೊಂಡವರಿಗಲ್ಲ. ಮಡಿಕೇರಿಯ ರಾಜಾಸೀಟ್ ಉದ್ಯಾನದ ಫಲಪುಷ್ಪ ಪ್ರದರ್ಶನಕ್ಕೆ ಹೋದಾಗ ಮುದ್ದಾಗಿ ಕಂಡಿತೆಂದು ಒಂದು ಪುಟ್ಟ ಕ್ಯಾಕ್ಟಸ್ ತಂದು, ಕಿಟಕಿಯ ಮೇಲಿಟ್ಟು, ಮಳೆಗಾಲ ಮುಗಿಯುವಷ್ಟರಲ್ಲಿ ಅದನ್ನು ಕಳೆದುಕೊಂಡಿರಲ್ಲ, ನಿಮಗಾಗಿ.

ಮನೆಯಲ್ಲಿ ಈಗ ಕ್ಯಾಕ್ಟಸ್ ಇದ್ದರೆ ದಯವಿಟ್ಟು ಎದ್ದು ಹೋಗಿ ಅದರ ಕುಂಡವನ್ನು ಎತ್ತಿ ತಳ ನೋಡಿ. ತೂತು ಇದೆಯೇ? ಇಲ್ಲದಿದ್ದರೆ ಗೊಬ್ಬರ, ದೀಪ, ಔಷಧ ಯಾವುದರ ಮಾತೂ ಈಗ ಬೇಡ. ಮೊದಲು ಕುಂಡ ಬದಲಾಗಬೇಕು. ಕುಂಡಕ್ಕೆ ಹಾಕಿದ ನೀರು ಕುಂಡದಿಂದ ಹೊರಗೆ ಹೋಗಬೇಕು. ಇಂದು ನಾನು ಹೇಳಬೇಕಾಗಿರುವುದು ಇಷ್ಟೇ. ಉಳಿದದ್ದೆಲ್ಲ ಇದರ ವಿವರ.

ಕ್ಯಾಕ್ಟಸ್ ಮೂಲತಃ ಅಮೆರಿಕ ಖಂಡಗಳ ಸಸ್ಯ. ನಾವು ಮನೆಯೊಳಗೆ ಸಾಕುವ ದುಂಡು ಜಾತಿಗಳಲ್ಲಿ ಹೆಚ್ಚಿನವು ಅಲ್ಲಿನ ಒಣ ನೆಲಗಳಿಂದ, ಕಲ್ಲುಗುಡ್ಡಗಳಿಂದ ಬಂದವು. ಅಲ್ಲಿ ಮಳೆ ಬಂದರೆ ಬೇರು ಗಬಗಬನೆ ಕುಡಿಯುತ್ತದೆ, ನೀರು ಕಾಂಡದಲ್ಲಿ ಸೇರಿಕೊಳ್ಳುತ್ತದೆ, ಮಣ್ಣು ಬೇಗ ಒಣಗುತ್ತದೆ. ಒಣಗಿದ ಮಣ್ಣಿನ ಸಂದುಗಳಲ್ಲಿ ಗಾಳಿ ಆಡುತ್ತದೆ. ಆ ಗಾಳಿ ಇಲ್ಲದಿದ್ದರೆ ಬೇರು ಉಸಿರುಗಟ್ಟಿ ಸಾಯುತ್ತದೆ, ಸತ್ತ ಬೇರಿಗೆ ಶಿಲೀಂಧ್ರ ಹತ್ತುತ್ತದೆ, ಕೊಳೆ ಅಲ್ಲಿಂದ ಕಾಂಡಕ್ಕೆ ಏರುತ್ತದೆ. ನಮ್ಮ ಕೊಡಗಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹವೆ ಹೇಗಿರುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಒಗೆದು ಹಾಕಿದ ಬಟ್ಟೆ ಒಣಗದ ಮನೆಯಲ್ಲಿ ಕುಂಡದ ಮಣ್ಣು ಹೇಗೆ ಒಣಗೀತು? ಗಿಡದ ಮೇಲೆ ಮಳೆ ಬೀಳದಿದ್ದರೇನು, ನೀವು ಹಾಕಿದ ನೀರು ಅಲ್ಲೇ ನಿಂತರೆ ಅಷ್ಟೇ ಸಾಕು ಅದು ಸಾಯಲು.

ಮೂರ್ನಾಡಿನ ಕಡೆಯ ಒಂದು ಮನೆಯ ವಿಷಯ ಹೇಳುತ್ತೇನೆ. ಕಾಫಿ ಬೆಳೆಗಾರರ ಹಳೆಯ ಹಂಚಿನ ಮನೆ. ಬೆಂಗಳೂರಿನಲ್ಲಿರುವ ಮಗಳು ಅಮ್ಮನಿಗೆಂದು ಆರು ಕ್ಯಾಕ್ಟಸ್ ಕಳುಹಿಸಿದ್ದಳು. ಒಂದೊಂದೂ ಬಿಳಿಯ ಪಿಂಗಾಣಿ ಬಟ್ಟಲಿನಲ್ಲಿ, ಮೇಲೆ ಬಣ್ಣದ ಕಲ್ಲು. ಜುಲೈ ಕೊನೆಯಲ್ಲಿ, ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ನಮ್ಮ ಜಡಿಮಳೆಯ ತಿಂಗಳಾದ ಕಕ್ಕಡದ ನಡುವೆ, ಆ ತಾಯಿ ನನಗೆ ಫೋನ್ ಮಾಡಿದರು. ಗಿಡಗಳು ಹಸಿರಾಗಿಯೇ ಇವೆ, ಆದರೆ ಒಂದು ಪಕ್ಕಕ್ಕೆ ವಾಲಿದೆ, ಬಂದು ನೋಡುತ್ತೀರಾ ಎಂದರು. ಹೋದೆ. ಐದು ಬಟ್ಟಲು ಹಾಲ್‌ನ ಕಿಟಕಿಯಲ್ಲಿ ಸಾಲಾಗಿ ನಿಂತಿದ್ದವು.

"ನೋಡಿ ಸರ್, ಒಂದು ಹನಿ ಮಳೆ ತಾಗಿಸಿಲ್ಲ. ವಾರಕ್ಕೆ ಅರ್ಧ ಲೋಟ ನೀರು, ಅಷ್ಟೇ" ಎಂದರು.

ವಾಲಿದ ಗಿಡದ ಬುಡವನ್ನು ಬೆರಳಿನಿಂದ ಮುಟ್ಟಿದೆ. ಬೆರಳು ಒಳಗೆ ಹೋಯಿತು. ಮಣ್ಣು ನೋಡೋಣವೆಂದರೆ ಮೇಲಿನ ಬಣ್ಣದ ಕಲ್ಲು ಅಲುಗಾಡಲೊಲ್ಲದು. ಒಂದಕ್ಕೊಂದು ಗೋಂದಿನಿಂದ ಅಂಟಿಸಿದ್ದರು. ಸ್ಕ್ರೂಡ್ರೈವರ್ ತರಿಸಿ ಅಂಚಿನಲ್ಲಿ ಮೀಟಿದಾಗ ಕಲ್ಲೆಲ್ಲ ಒಂದೇ ಹಾಳೆಯಾಗಿ ಎದ್ದು ಬಂತು. ಅದರ ಅಡಿಯಲ್ಲಿ ತೆಂಗಿನ ನಾರಿನ ಪುಡಿ, ಕಪ್ಪಗೆ, ಕೊಳೆತ ವಾಸನೆ. ಹಿಡಿಯಲ್ಲಿ ಹಿಂಡಿದರೆ ನೀರು ಸುರಿಯಿತು. ಬೇರು ಎನ್ನುವುದೇ ಉಳಿದಿರಲಿಲ್ಲ. ಬಟ್ಟಲಿನ ತಳ ನೋಡಿದರೆ ತೂತಿಲ್ಲ. ಐದರ ಕಥೆಯೂ ಅದೇ. ವಾರಕ್ಕೆ ಅರ್ಧ ಲೋಟ ಎಂದರೆ ಕಡಿಮೆಯೇ ಇರಬಹುದು, ಆದರೆ ಹೋಗಲು ದಾರಿ ಇಲ್ಲದ ನೀರು ವಾರ ವಾರವೂ ಒಟ್ಟಾಗುತ್ತಲೇ ಇತ್ತು.

ಆರನೆಯದು ಎಲ್ಲಿ ಎಂದು ಕೇಳಿದೆ. ಅದನ್ನು ತೋರಿಸಲು ಅವರಿಗೆ ಮನಸ್ಸಿರಲಿಲ್ಲ. ಮೊಮ್ಮಗ ಬೀಳಿಸಿ ಬಟ್ಟಲು ಸೀಳಿತ್ತಂತೆ. ನೋಡಲು ಚೆನ್ನಾಗಿಲ್ಲವೆಂದು ಅಡುಗೆಮನೆಯ ಕಿಟಕಿಯಲ್ಲಿ, ಸೌದೆ ಒಲೆಯ ಹತ್ತಿರ ಇಟ್ಟಿದ್ದರು. ಹೋಗಿ ನೋಡಿದೆ. ಬಟ್ಟಲಿನ ಬಾಯಿಯಿಂದ ತಳದವರೆಗೆ ಒಂದು ಸೀಳು. ಆ ಸೀಳಿನ ಉದ್ದಕ್ಕೂ ನೀರು ಜಿನುಗಿದ ಕಂದು ಗೆರೆ. ಬೀಳಿಸಿದ ಏಟಿಗೆ ಅಂಟಿಸಿದ ಕಲ್ಲೂ ಎದ್ದುಹೋಗಿತ್ತು. ಗಿಡ ಕಲ್ಲಿನಂತೆ ಗಟ್ಟಿ, ನೆತ್ತಿಯಲ್ಲಿ ಹೊಸ ಮುಳ್ಳು. ಅದೇ ಗಿಡ, ಅದೇ ನೀರು, ಅದೇ ಕೈ. ಒಡೆದ ಬಟ್ಟಲಿನದು ಮಾತ್ರ ಬದುಕಿತ್ತು. ನೀರು ಹೊರಗೆ ಹೋಗಬೇಕು ಎಂದು ನಾನು ಮತ್ತೆ ಮತ್ತೆ ಹೇಳುವುದು ಇದಕ್ಕೇ.

ಹಾಗಾದರೆ ಏನು ಕೊಳ್ಳಬೇಕು? ಮಣ್ಣಿನ ಕುಂಡ. ಬಣ್ಣ ಬಳಿಯದ, ಹೊಳಪು ಕೊಡದ, ಸುಟ್ಟ ಮಣ್ಣಿನ ಸಾದಾ ಕುಂಡ. ಅದರ ಗೋಡೆಯೂ ತೇವವನ್ನು ಹೊರಗೆ ಬಿಡುತ್ತದೆ. ಮಡಿಕೇರಿಯ ಶುಕ್ರವಾರದ ಸಂತೆಗೆ ಹೋದಾಗ ಕುಂಡ ಕಂಡರೆ ತಿರುಗಿಸಿ, ತೂತಿನಲ್ಲಿ ನಿಮ್ಮ ಕಿರುಬೆರಳು ತೂರುತ್ತದೆಯೇ ನೋಡಿ. ಅಳತೆ, ಗಿಡದ ಸುತ್ತ ಬೆರಳಗಲ ಜಾಗ ಉಳಿಯುವಷ್ಟು ಸಾಕು. ಬೆಳೆಯಲಿ ಎಂದು ದೊಡ್ಡ ಕುಂಡ ಕೊಡುವವರೇ ಹೆಚ್ಚು. ಬೇರು ಮುಟ್ಟದ ಮಣ್ಣು ಒಣಗದೆ ಉಳಿಯುತ್ತದೆ, ಅದು ಬೇಡ. ಕುಂಡದ ಕೆಳಗೆ ತಟ್ಟೆ ಇಡುವುದಾದರೆ ನೀರು ಹಾಕಿದ ಅರ್ಧ ಗಂಟೆಯೊಳಗೆ ತಟ್ಟೆಯ ನೀರು ಚೆಲ್ಲಿಬಿಡಿ. ಮಗಳು ಕೊಟ್ಟ ಪಿಂಗಾಣಿ ಬಟ್ಟಲನ್ನು ಬಿಡಲು ಮನಸ್ಸಿಲ್ಲವೇ? ಟೈಲ್ಸ್ ಕೊರೆಯುವ ಡ್ರಿಲ್ ಬಿಟ್ ಇರುವವರ ಕೈಯಲ್ಲಿ ತಳಕ್ಕೆ ತೂತು ಹಾಕಿಸಿ.

ಇನ್ನು ಮಣ್ಣು. ತೋಟದ ಮಣ್ಣನ್ನು ದಯವಿಟ್ಟು ಹಾಗೆಯೇ ತುಂಬಬೇಡಿ. ಕಾಫಿಗೆ, ಕರಿಮೆಣಸಿಗೆ ಒಳ್ಳೆಯದಾದ ಆ ಎಲೆಗೊಬ್ಬರದ ಕಪ್ಪು ಮಣ್ಣು ತೇವ ಹಿಡಿಯುವುದರಲ್ಲಿ ಗಟ್ಟಿ, ಅದೇ ಇಲ್ಲಿ ತೊಂದರೆ. ಅಂಗಡಿಯಿಂದ ದುಬಾರಿ ಚೀಲ ತರುವ ಅಗತ್ಯವೂ ಇಲ್ಲ. ಕೊಡಗಿನ ಯಾವ ಹಳೆಯ ಮನೆಯ ಹಿತ್ತಲಿನಲ್ಲಿ ಒಡೆದ ಹಂಚಿಲ್ಲ ಹೇಳಿ? ಅದನ್ನು ಗೋಣಿಚೀಲದಲ್ಲಿ ಹಾಕಿ ಸುತ್ತಿಗೆಯಿಂದ ಕುಟ್ಟಿ, ಕಡಲೆಕಾಳಿನ ಗಾತ್ರಕ್ಕೆ ಬಂದ ಚೂರುಗಳನ್ನು ಜರಡಿಯಲ್ಲಿ ಆರಿಸಿಕೊಳ್ಳಿ. ಪುಡಿಯನ್ನು ಎಸೆಯಿರಿ, ಪುಡಿ ಸಂದುಗಳನ್ನು ಮುಚ್ಚುತ್ತದೆ. ಈ ಹಂಚಿನ ಚೂರು ಎರಡು ಪಾಲು, ದೂಳು ಹೋಗುವಂತೆ ತೊಳೆದ ದಪ್ಪ ಮರಳು ಒಂದು ಪಾಲು, ಚೆನ್ನಾಗಿ ಕಳಿತ ಗೊಬ್ಬರ ಬೆರೆಸಿದ ಕೆಂಪು ಮಣ್ಣು ಒಂದು ಪಾಲು. ಸ್ವಲ್ಪ ಇದ್ದಿಲಿನ ಚೂರು ಸೇರಿಸಿದರೂ ಆಯಿತು. ಅಂಗಡಿಯಲ್ಲಿ ಪರ್ಲೈಟ್, ಪ್ಯೂಮಿಸ್ ಎಂಬ ಹಗುರವಾದ, ರಂಧ್ರಗಳಿರುವ ಕಲ್ಲಿನ ಚೂರು ಸಿಕ್ಕರೆ ಹಂಚಿನ ಬದಲಿಗೆ ಬಳಸಬಹುದು, ಸಿಗದಿದ್ದರೆ ಚಿಂತೆ ಬೇಡ. ಒಂದು ಹಿಡಿ ಮಿಶ್ರಣವನ್ನು ಒದ್ದೆ ಮಾಡಿ ಮುಷ್ಟಿ ಬಿಗಿದು ಬಿಡಿ. ಉಂಡೆ ಕಟ್ಟಿದರೆ ಇನ್ನೂ ಹಂಚು ಬೇಕು. ಉದುರಿದರೆ ಸರಿ.

ಕುಂಡದ ತಳಕ್ಕೆ ಒಂದು ಪದರ ಜಲ್ಲಿ ಹಾಕಿದರೆ ನೀರು ಬೇಗ ಹರಿಯುತ್ತದೆ ಎಂದು ಎಲ್ಲರೂ ನಂಬಿದ್ದಾರೆ. ಹರಿಯುವುದಿಲ್ಲ. ಸಣ್ಣ ಕಣಗಳ ಮಣ್ಣು ತಾನು ಹಿಡಿದ ನೀರನ್ನು ಕೆಳಗಿನ ದೊಡ್ಡ ಕಲ್ಲಿಗೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ನೀರು ಜಲ್ಲಿಯ ಮೇಲೆಯೇ, ಬೇರಿನ ಮಟ್ಟದಲ್ಲೇ ನಿಲ್ಲುತ್ತದೆ. ಆ ಜಲ್ಲಿಯನ್ನು ಮಣ್ಣಿನೊಳಗೆ ಬೆರೆಸಿ, ತೂತಿನ ಮೇಲೆ ಸೊಳ್ಳೆಪರದೆಯ ಒಂದು ತುಂಡು ಇಟ್ಟರೆ ಮುಗಿಯಿತು.

ಗಿಡ ಬದಲಿಸುವಾಗ ಕೈಗವಸಿಗಿಂತ ಮಡಚಿದ ದಿನಪತ್ರಿಕೆಯ ಪಟ್ಟಿ ಅನುಕೂಲ. ಗಿಡದ ಸೊಂಟಕ್ಕೆ ಸುತ್ತಿ ಎತ್ತಿ. ನರ್ಸರಿಯವರು ಬೇರಿನ ಸುತ್ತ ಬಿಟ್ಟಿರುವ ನಾರಿನ ಉಂಡೆಯನ್ನು ಮೆಲ್ಲಗೆ ಬಿಡಿಸಿ ತೆಗೆಯಿರಿ. ಹೊಸ ಕುಂಡಕ್ಕೆ ಹಾಕಿದ ಮೇಲೆ ಒಂದು ವಾರ ನೀರು ಬೇಡ, ಹರಿದ ಬೇರು ಮಾಯಲಿ.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಬೆಳಕು: ದಕ್ಷಿಣದ ಅಥವಾ ಪೂರ್ವದ ಕಿಟಕಿ. ಮೋಡ ಕವಿದ ತಿಂಗಳುಗಳಲ್ಲಿ ಗಿಡ ಬೆಳಕು ಹುಡುಕುತ್ತಾ ತೆಳ್ಳಗೆ ಉದ್ದವಾದರೆ, ಡಬ್ಬಿಯ ಮೇಲೆ 6500 ಕೆಲ್ವಿನ್ ಎಂದಿರುವ ಎಲ್‌ಇಡಿ ದೀಪವನ್ನು ಗಿಡಕ್ಕೆ ಒಂದು ಅಡಿಯೊಳಗೆ ಕಟ್ಟಿ, ಹಗಲು 12 ಗಂಟೆ ಉರಿಸಿ, ರಾತ್ರಿ ಆರಿಸಿ. ರಾತ್ರಿಯ ಕತ್ತಲೆಯೂ ಕ್ಯಾಕ್ಟಸ್‌ಗೆ ಬೇಕು. ಅದು ಗಾಳಿಯನ್ನು ಒಳಗೆಳೆದುಕೊಳ್ಳುವುದು ಆಗಲೇ. ನೀರು: ಕಾಫಿಗೆ ಹೂಮಳೆ ಬೀಳುವ ಹೊತ್ತಿಗೆ, ಅಂದರೆ ಮಾರ್ಚ್-ಏಪ್ರಿಲ್ ಸುಮಾರಿಗೆ ಶುರು ಮಾಡಿ. ಹಾಕಿದಾಗ ತೂತಿನಿಂದ ಸುರಿಯುವಷ್ಟು ಹಾಕಿ, ಮತ್ತೆ ಪೂರ್ತಿ ಒಣಗುವವರೆಗೆ ಮುಟ್ಟಬೇಡಿ. ಒಣಗಿದೆಯೇ ಎಂದು ತಿಳಿಯಲು ಮೀಟರ್ ಬೇಡ, ಪೊರಕೆಯ ಕಡ್ಡಿಯೊಂದನ್ನು ತಳದವರೆಗೆ ಚುಚ್ಚಿ ತೆಗೆದು ನೋಡಿ. ಕಕ್ಕಡದಲ್ಲಿ ನೀರು ಪೂರ್ತಿ ನಿಲ್ಲಿಸಿ. ತುಲಾ ಸಂಕ್ರಮಣ ಕಳೆದ ಮೇಲೆ ಒಂದೆರಡು ಸಲ ಕೊಟ್ಟು, ನವೆಂಬರ್-ಡಿಸೆಂಬರ್‌ನಲ್ಲಿ ನಮ್ಮ ಸುಗ್ಗಿ ಹಬ್ಬವಾದ ಹುತ್ತರಿಯ ಚಳಿ ಬಂದಾಗ ಮತ್ತೆ ಒಣಗಲು ಬಿಡಿ. ಮಡಿಕೇರಿಯ ಆ ಚಳಿ, ಮಣ್ಣು ಒಣಗಿದ್ದರೆ, ಒಂದು ವರ. ಮ್ಯಾಮಿಲೇರಿಯ, ರೆಬೂಷಿಯ ಜಾತಿಗಳು ತಂಪಾದ ಒಣ ಚಳಿಗಾಲ ಕಂಡ ಮೇಲೆಯೇ ಚೆನ್ನಾಗಿ ಹೂ ಬಿಡುತ್ತವೆ. ಸೆಕೆಯ ಊರಿನವರಿಗೆ ಅದು ಸುಲಭವಾಗಿ ಸಿಗದು, ನಮಗೆ ಕಿಟಕಿಯಲ್ಲೇ ಸಿಗುತ್ತದೆ.

ನೀರು ಚಿಮುಕಿಸುವ ಸ್ಪ್ರೇ ಬಾಟಲಿ, ಬಣ್ಣದ ಮರಳು, ಗಾಜಿನ ಭರಣಿ, ಈ ಮೂರನ್ನು ಯಾರೂ ಕೊಳ್ಳಬೇಡಿ. ಮನೆಮನೆಯಲ್ಲಿರುವ ಬ್ರಹ್ಮಕಮಲವೂ ಕ್ಯಾಕ್ಟಸ್ಸೇ, ಆದರೆ ಅದು ಕಾಡಿನ ಮರದ ಮೇಲೆ ಬೆಳೆಯುವ ಜಾತಿ. ಅದಕ್ಕೆ ನೆರಳೂ ಎಲೆಗೊಬ್ಬರವೂ ಇರಲಿ. ಕುಂಡಕ್ಕೆ ತೂತು ಮಾತ್ರ ಅದಕ್ಕೂ ಬೇಕು.

ಬುಡ ಈಗಾಗಲೇ ಮೆತ್ತಗಾಗಿದೆ ಎನ್ನುವವರು ಗಿಡವನ್ನು ಇಂದೇ ಮಣ್ಣಿನಿಂದ ತೆಗೆಯಿರಿ. ಸ್ವಚ್ಛವಾದ ಚಾಕುವಿನಿಂದ ಕೆಳಗಿನಿಂದ ಬಿಲ್ಲೆ ಬಿಲ್ಲೆಯಾಗಿ ಕತ್ತರಿಸುತ್ತಾ ಬನ್ನಿ, ಪ್ರತಿ ಸಲ ಚಾಕು ಒರೆಸಿಕೊಳ್ಳಿ. ಕತ್ತರಿಸಿದ ಮುಖದಲ್ಲಿ ಕಂದು ಕಲೆ ಒಂದೂ ಕಾಣದಾದಾಗ ನಿಲ್ಲಿಸಿ, ಗಂಧಕದ ಪುಡಿ ಹಚ್ಚಿ, ಒಲೆಯ ಬಳಿಯ ಒಣ ಕಪಾಟಿನಲ್ಲಿ ಎರಡು ವಾರ ಇಡಿ. ಗಾಯ ಗಟ್ಟಿಯಾದ ಮೇಲೆ ಒಣ ಹಂಚಿನ ಚೂರಿನ ಮೇಲೆ ನಿಲ್ಲಿಸಿ, ಬೇರು ಬಿಡುತ್ತದೆ. ಮೂರ್ನಾಡಿನ ಆ ಐದರಲ್ಲಿ ಎರಡು ಹೀಗೆಯೇ ಉಳಿದವು. ನಮಸ್ಕಾರ.