ಕಾರಂತರ ಬಿಳಿ ಕೂದಲು, ನನ್ನ ಕರಿ ಇದ್ದಿಲು

ಕೇಳುಗರಿಗೆಲ್ಲ ನಮಸ್ಕಾರ. ಇದ್ದಿಲ ಚಿತ್ರದ ಬಗ್ಗೆ ಮಾತಾಡಿ ಅಂತ ಕರೆದಿದ್ದಾರೆ. ರೇಡಿಯೋದಲ್ಲಿ ಚಿತ್ರ ತೋರಿಸುವುದು ಹೇಗೆ ಸ್ವಾಮಿ ಅಂದರೆ ನಗುತ್ತಾರೆ. ಇರಲಿ, ನೀವೇ ಕಣ್ಣು ಮುಚ್ಚಿ ಶಿವರಾಮ ಕಾರಂತರನ್ನು ನೆನೆಸಿಕೊಳ್ಳಿ. ಮೊದಲು ಕಂಡಿದ್ದು ಆ ಬೆಳ್ಳನೆ ಕೂದಲು, ಅಲ್ವಾ?

ನಾನು ಹೇಳುವುದು ಒಂದೇ ಮಾತು. ಇದ್ದಿಲಿನಲ್ಲಿ ಬಿಳಿ ಬರೆಯಲು ಆಗುವುದಿಲ್ಲ, ಉಳಿಸಬೇಕು.

2002ರಲ್ಲಿ ಕಾರಂತರು ಹುಟ್ಟಿ ನೂರು ವರ್ಷ ಆಯಿತು. ನಮ್ಮೂರಿನ ವಾಚನಾಲಯದವರು ಒಂದು ಚಿತ್ರ ಬೇಕು ಅಂದರು. ನಾನು ಮಹಾ ಉತ್ಸಾಹದಿಂದ ಪುಸ್ತಕದ ಹಿಂಬದಿಯ ಫೋಟೋ ನೋಡಿಕೊಂಡು, ಇದ್ದಿಲನ್ನು ಚೂಪು ಮಾಡಿ, ಒಂದೊಂದೇ ಕೂದಲು ಎಳೆದೆ. ಎರಡು ರಾತ್ರಿ! ಪಕ್ಕದ ಮನೆಯ ಅಜ್ಜಿ ಬಂದು ನೋಡಿ, "ಯಾರು ಮಗಾ ಇವರು, ತಲೆಗೆ ಬಣ್ಣ ಹಚ್ಚಿಸಿಕೊಂಡಿದ್ದಾರಾ?" ಅಂದರು.

ಸಿಟ್ಟು ಬಂತು. ಹಳೆ ಬಟ್ಟೆ ತಗೊಂಡು ತಲೆಯನ್ನೆಲ್ಲ ಒರೆಸಿಬಿಟ್ಟೆ. ಪುಡಿಯೆಲ್ಲ ಸುತ್ತ ಹರಡಿ ತಲೆಯ ಹಿಂದೆ ಮೋಡ ಕವಿದ ಹಾಗಾಯಿತು. ಆಗ ನೋಡಿ, ಒರೆಸಿದ ಜಾಗ ಬೆಳ್ಳಗೆ ಮುಂದೆ ಬಂತು! ಹಿಂದಿನ ಕತ್ತಲನ್ನು ಇನ್ನೂ ಗಾಢ ಮಾಡಿದೆ. ಬೆಣ್ಣೆ ಹಚ್ಚದ ಬ್ರೆಡ್ಡಿನ ತಿರುಳನ್ನು ಬೆರಳಲ್ಲಿ ಹಿಸುಕಿ, ಮೊನೆ ಮಾಡಿ, ಆ ಕತ್ತಲಿಗೆ ಒತ್ತಿ ಎತ್ತಿದರೆ ಒಂದೊಂದು ಕೂದಲೂ ಗಾಳಿಗೆ ಕೆದರಿದ ಹಾಗೆ ಎದ್ದು ಬಂತು. ಈ ಸಲ ಕೂದಲಿಗೆ ಅಂತ ಒಂದು ಗೆರೆಯನ್ನೂ ನಾನು ಎಳೆದಿರಲಿಲ್ಲ. ಅಜ್ಜಿಯನ್ನು ಮತ್ತೆ ಕರೆದೆ. "ಓ, ಕಾರಂತಜ್ಜ" ಅಂದರು.

ಆದ್ದರಿಂದ ದಯವಿಟ್ಟು ಇದ್ದಿಲನ್ನು ಪೆನ್ಸಿಲ್ ಥರ ಹಿಡಿಯಬೇಡಿ. ಎಷ್ಟು ಸಲ ಹೇಳುವುದು! ಅಡ್ಡ ಮಲಗಿಸಿ ಉಜ್ಜಿ, ಮೊದಲು ಕತ್ತಲು, ಕಣ್ಣು ರೆಪ್ಪೆ ಎಲ್ಲ ಆಮೇಲೆ. ಕಡ್ಡಿಯನ್ನು ಗಾಳಿಯಾಡದಂತೆ ಮುಚ್ಚಿ ಸುಟ್ಟ ಮೆತ್ತನೆ ಇದ್ದಿಲೇ ಇದಕ್ಕೆ ಸರಿ, ಊದಿದರೆ ಹಾರುತ್ತದೆ, ತಪ್ಪಾದರೆ ಒರೆಸಬಹುದು. ಪುಡಿಗೆ ಅಂಟು ಬೆರೆಸಿ ಒತ್ತಿ ಮಾಡಿದ ಕಡ್ಡಿ ಬರುತ್ತದಲ್ಲ, ಅದು ಕಡುಗಪ್ಪು, ಪೂರ್ತಿ ಅಳಿಸುವುದಿಲ್ಲ. ಅದನ್ನು ಕೊನೆಗೆ ಇಟ್ಟುಕೊಳ್ಳಿ. ಕಾಗದ ಸ್ವಲ್ಪ ತರಿತರಿಯಾಗಿರಲಿ, ನುಣುಪಿನ ಮೇಲೆ ಪುಡಿ ನಿಲ್ಲುವುದಿಲ್ಲ.

ಫಿಕ್ಸೆಟಿವ್, ಅಂದರೆ ಇದ್ದಿಲ ಪುಡಿ ಉದುರದಂತೆ ಹಿಡಿದಿಡುವ ದ್ರವ, ಅದರ ಬಗ್ಗೆ ಹೇಳಬೇಕಿತ್ತು, ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ, ಸಮಯ ಆಯಿತಂತೆ. ದೂರದಿಂದ, ತೆಳ್ಳಗೆ, ಎರಡು ಸಲ ಸಿಂಪಡಿಸಿ. ಫ್ರೇಮ್ ಹಾಕಿಸುವಾಗ ಗಾಜು ಚಿತ್ರಕ್ಕೆ ತಾಗದ ಹಾಗೆ ನಡುವೆ ರಟ್ಟು ಕೊಡಿಸಿ. ಮತ್ತೆ, ಆ ಬಿಳಿಯನ್ನು ಮುಟ್ಟಬೇಡಿ. ನಮಸ್ಕಾರ.