ಟೂಲ್ ಸೆಟ್ಟು ಬೇಡ, ಬಿಡಿ ಸಾಮಾನು ತಗೊಳ್ಳಿ

ನಮಸ್ಕಾರ. ‘ಯಾವ ಬ್ರಾಂಡಿನ ಟೂಲ್ ಸೆಟ್ ಒಳ್ಳೇದು?’ ಅಂತ ಕೇಳುವವರಿಗೆಲ್ಲ ನನ್ನದು ಒಂದೇ ಉತ್ತರ. ಸೆಟ್ಟೇ ಬೇಡ.

ಆನ್‌ಲೈನಿನಲ್ಲಿ ಕೆಲವೇ ನೂರು ರೂಪಾಯಿಗೆ 46 ಪೀಸಿನ ಪೆಟ್ಟಿಗೆ ಸಿಗುತ್ತದಲ್ಲ, ಅದನ್ನೇ ನೋಡಿ. 46 ಅಂದ ಕೂಡಲೇ ಆಸೆ ಆಗುತ್ತದೆ. ಒಳಗೆ ಬಹಳಷ್ಟು ಬರೀ ಸ್ಕ್ರೂ ಬಿಟ್‌ಗಳು. ನಟ್ಟಿನ ಮೇಲೆ ಟೋಪಿ ಥರ ಕೂರುವ ಸಾಕೆಟ್ 14 ಎಂ.ಎಂ. ಅಳತೆಗೇ ಮುಗಿಯಿತು. ರ‍್ಯಾಚೆಟ್ ಅಂದರೆ ಸಾಕೆಟ್ ತಿರುಗಿಸುವ ಹಿಡಿ, ಅದೂ ಸಣ್ಣ ಕಾಲಿಂಚಿನದು. ಬೈಕಿನ ಸೈಡ್ ಪ್ಯಾನೆಲ್ ಬಿಚ್ಚೋಕೆ ಸಾಕು, ಹಿಂದಿನ ಚಕ್ರದ ಆಕ್ಸಲ್ ನಟ್ಟಿಗೆ ಲೆಕ್ಕಕ್ಕಿಲ್ಲ.

ಅದೇ ದುಡ್ಡಿಗೆ ಇನ್ನಷ್ಟು ಸೇರಿಸಿ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಟಪಾರಿಯಾ ಕಂಪನಿಯ ರಿಂಗ್ ಸ್ಪ್ಯಾನರ್ ತಗೊಳ್ಳಿ. ಸ್ವೀಡನ್ ಕಂಪನಿಯೊಂದರ ತಾಂತ್ರಿಕ ನೆರವಿನಿಂದ 1969ರಲ್ಲಿ ಶುರುವಾದದ್ದು, ನಾಸಿಕದಲ್ಲಿ ತಯಾರಾಗುತ್ತದೆ. ನೋಡೋಕೆ ಅಷ್ಟೇನೂ ಚಂದ ಇಲ್ಲ, ಫಿನಿಶಿಂಗ್ ಸುಮಾರು. ಆದರೆ ದಿನಾ ಗ್ಯಾರೇಜಿನಲ್ಲಿ ದುಡಿಯೋರ ಕೈಯಲ್ಲಿ ಅದೇ ಇರೋದು ಸುಮ್ನೆ ಅಲ್ಲ. ಸ್ಟ್ಯಾನ್ಲಿ? ಹೆಸರು ಅಮೆರಿಕದ್ದು, ಮಾಲು ಬೇರೆ ಬೇರೆ ದೇಶದ್ದು. ಎಲ್ಲಿ ತಯಾರಾಯಿತು ಅಂತ ಡಬ್ಬಿ ಮೇಲೆ ಓದಿ. ಜಲಂಧರ್, ಲೂಧಿಯಾನಾದಿಂದ ಬರುವ ಎಷ್ಟೋ ಬ್ರಾಂಡುಗಳು ಹೊರದೇಶಕ್ಕೂ ಹೋಗುತ್ತವೆ, ಹೆಸರು ಕೇಳಿಲ್ಲ ಅಂತ ಮೂಗು ಮುರಿಯಬೇಡಿ.

ಈಗ ನಿಜವಾದ ವಿಷಯ. ತುಕ್ಕು ಹಿಡಿದ 10ರ ಬೋಲ್ಟ್ ಇದೆ ಅಂದುಕೊಳ್ಳಿ. ಹನ್ನೆರಡು ಮೂಲೆಯ ಸಾಕೆಟ್ ಹಾಕಿದರೆ ಭಾರವೆಲ್ಲ ಬೋಲ್ಟಿನ ಮೂಲೆಗಳ ಹತ್ತಿರ ಬೀಳುತ್ತದೆ. ಸಾಕೆಟ್ ಒಂಚೂರು ಲೂಸಿದ್ದರೂ ಕಟ್ ಅಂತ ಜಾರುತ್ತದೆ, ಬೋಲ್ಟ್ ತಲೆ ರೌಂಡ್. ಆರು ಮೂಲೆಯದು ಬದಿಗಳನ್ನೇ ಹಿಡಿಯುತ್ತದೆ. ಅದಕ್ಕೇ ಬ್ರಾಂಡ್ ಆಮೇಲೆ ನೋಡಿ, ಮೊದಲು ಸಾಕೆಟ್ಟಿನ ಒಳಗೆ ಇಣುಕಿ. ರೌಂಡ್ ಆದ ಒಂದು ಬೋಲ್ಟ್ ತೆಗೆಸೋಕೆ ಲೇತ್ ಅಂಗಡಿಯವರು ಕೇಳೋ ದುಡ್ಡಲ್ಲಿ ಒಳ್ಳೆ ಸಾಕೆಟ್ಟೇ ಬರುತ್ತದೆ, ಅಲ್ವಾ?

ರ‍್ಯಾಚೆಟ್ಟಿನಲ್ಲಿ ಹಲ್ಲು ಎಣಿಸಿ. ಮುಂದಿನ ಹಲ್ಲು ಹಿಡಿಯೋಕೆ 24 ಹಲ್ಲಿನದಕ್ಕೆ ಕೈ 15 ಡಿಗ್ರಿ ತಿರುಗಬೇಕು, 72 ಹಲ್ಲಿನದಕ್ಕೆ 5 ಸಾಕು. ಎಂಜಿನ್ ಸಂದಿಯಲ್ಲಿ ಕೈ ಸಿಕ್ಕಿಕೊಂಡಾಗ ಆ 10 ಡಿಗ್ರಿ ಬೆಲೆ ಗೊತ್ತಾಗುತ್ತದೆ.

ಅಮೆರಿಕದ ದುಬಾರಿ ಬ್ರಾಂಡ್ ಸ್ನ್ಯಾಪ್-ಆನ್ ಬಗ್ಗೆಯೂ ಕೇಳುತ್ತಾರೆ. ಮಾಲು ಚೆನ್ನಾಗಿದೆ, ತಕರಾರಿಲ್ಲ. ಅಮೆರಿಕದಲ್ಲಿ ಅವರ ವ್ಯಾನು ಗ್ಯಾರೇಜಿನ ಬಾಗಿಲಿಗೇ ಬರುತ್ತದೆ, ಮುರಿದದ್ದನ್ನು ಅಲ್ಲೇ ಬದಲಿಸಿಕೊಡುತ್ತಾರೆ. ಆ ಬೆಲೆಯಲ್ಲಿ ವ್ಯಾನಿನ ಖರ್ಚೂ ಇದೆ ಸ್ವಾಮಿ. ದಾವಣಗೆರೆಯಲ್ಲಿ ಕೂತು ಅದನ್ನು ನಾವ್ಯಾಕೆ ಕೊಡಬೇಕು?

ದುಬಾರಿ ಸಾಮಾನಿನಲ್ಲಿ ನಾನು ಸೋಲೋದು ಒಂದಕ್ಕೇ, ಜರ್ಮನಿಯ ಕ್ನಿಪೆಕ್ಸ್ ಕೋಬ್ರಾ ಪ್ಲೈಯರ್. ಗುಂಡಿ ಒತ್ತಿ ಅಳತೆ ಕೂರಿಸಿದರೆ ಪೈಪನ್ನು ತಾನೇ ಕಚ್ಚಿಕೊಳ್ಳುತ್ತದೆ, ಹಿಡಿಯನ್ನು ಹಿಸುಕೋದೇ ಬೇಡ. ಅದನ್ನೂ ಮೊದಲು ತಗೋಬೇಡಿ. ಮೊದಲು 8, 10, 12, 14, 17ರ ಸ್ಪ್ಯಾನರ್‌ಗಳು ಮನೆಗೆ ಬರಲಿ.