ಸಂಜೆ ಆರರಿಂದ ಒಂಬತ್ತು, ಅದು ಮಗುವಿನ ಹೊತ್ತು

ಎಲ್ಲರಿಗೂ ನಮಸ್ಕಾರ. ಇಂಥ ಮಳೆಯಲ್ಲೂ ತೋಟದ ಕೆಲಸ ಮುಗಿಸಿ, ಮಕ್ಕಳನ್ನು ಎತ್ತಿಕೊಂಡು ಬಂದಿದ್ದೀರಿ. ಅಂಗನವಾಡಿಯವರು ಕರೆದಾಗ ನಾನು ಕೇಳಿದ್ದು ಒಂದೇ: ಅಪ್ಪಂದಿರನ್ನೂ ಕರೆಸಿ. ಹಿಂದೆ ನಿಂತಿರುವ ಅಣ್ಣಂದಿರೇ, ನೀವು ಬಂದದ್ದು ತುಂಬಾ ಸಂತೋಷ.

ಕೊಡಗಿನಲ್ಲಿ ಕುಡಿತದ ಮಾತು ಎತ್ತುವುದು ಕಷ್ಟ. ಕೈಲು ಮುಹೂರ್ತ, ಹುತ್ತರಿ, ಮದುವೆ, ಎಲ್ಲ ಕಡೆ ಅದು ಇರುತ್ತದೆ. ಕುಲದ ಹಿರಿಯರಾದ ಗುರುಕಾರಣರಿಗೆ ಇಡುವ ಎಡೆಯಲ್ಲೂ ಇರುತ್ತದೆ. ನಾನು ಹಬ್ಬದ ಬಗ್ಗೆ ಹೇಳಲು ಬಂದಿಲ್ಲ. ದಿನಾ ಸಂಜೆಯ ಕುಡಿತದ ಬಗ್ಗೆ ಹೇಳುತ್ತೇನೆ. ತೋಟದ ಕೆಲಸಗಾರರ ಲೈನ್‌ಮನೆಯವರು ಕುಡಿದರೆ ಊರಿಗೆಲ್ಲ ಗೊತ್ತಾಗುತ್ತದೆ, ಬಂಗಲೆಯವರು ಕುಡಿದರೆ ಗೇಟಿನಿಂದಾಚೆ ಬರುವುದಿಲ್ಲ. ಒಳಗಿರುವ ಮಗುವಿಗೆ ಏನು ವ್ಯತ್ಯಾಸ?

ಐದು ವರ್ಷದ ಒಂದು ಹುಡುಗಿಯನ್ನು ನನ್ನ ಹತ್ತಿರ ಕರೆತಂದಿದ್ದರು. "ಡಾಕ್ಟ್ರೇ, ಕ್ಲಾಸಲ್ಲಿ ಗಮನವೇ ಇಲ್ಲ, ಕಿವಿ ಕೇಳಿಸಲ್ವೋ ಏನೋ" ಎಂದರು ತಾಯಿ. ಪರೀಕ್ಷೆ ಮಾಡಿದೆ, ಕಿವಿ ಚೆನ್ನಾಗಿಯೇ ಇತ್ತು. ಸಂಜೆ ಏನು ಆಡ್ತೀಯಾ ಪುಟ್ಟಾ ಅಂತ ಕೇಳಿದೆ. "ಆಡಲ್ಲ, ಬೈಕ್ ಕೇಳ್ತೀನಿ" ಎಂದಳು. ಅಪ್ಪ ಅಂಗಳದಲ್ಲಿ ಬೈಕ್ ನಿಲ್ಲಿಸಿ ಒಂದೇ ಸಲಕ್ಕೆ ಸ್ಟ್ಯಾಂಡ್ ಹಾಕಿದರೆ ಒಳ್ಳೆಯ ದಿನ. ಕಾಲು ತಡಕಾಡಿ ಎರಡು ಮೂರು ಸಲ ಒದ್ದರೆ, ತಮ್ಮನನ್ನು ಎಳೆದುಕೊಂಡು ಮಂಚದ ಕೆಳಗೆ ಹೋಗಬೇಕು. ಅಷ್ಟು ಸೂಕ್ಷ್ಮವಾಗಿ ಕೇಳುವ ಕಿವಿ ಅದು. ಅಪ್ಪ ಅವಳಿಗೆ ಒಂದು ದಿನವೂ ಹೊಡೆದವರಲ್ಲ. ಜಗಳ ಎಲ್ಲ ತಾಯಿಯ ಜೊತೆ.

ಮೊದಲ ಐದು ವರ್ಷದಲ್ಲಿ ಮಗುವಿನ ಮೆದುಳು ದೊಡ್ಡವರ ಮೆದುಳಿನ ನೂರಕ್ಕೆ ಸುಮಾರು 90 ಭಾಗದಷ್ಟು ಬೆಳೆದುಬಿಡುತ್ತದೆ. ಅದಕ್ಕೆ ಊಟ ಬೇಕು, ನಿದ್ದೆ ಬೇಕು, ಜೊತೆಗೆ ಮಾತೂ ಬೇಕು. ಮಗು "ಅದೇನು?" ಅನ್ನುತ್ತದೆ, ನಾವು "ಅದು ಮಂಗಟ್ಟೆ ಹಕ್ಕಿ" ಅನ್ನುತ್ತೇವೆ. ಮಾತು ಕಲಿಯುವುದು ಹೀಗೇ ಅಲ್ವಾ? ದುಡಿಯುವ ಮನೆಗಳಲ್ಲಿ ಇದಕ್ಕೆ ಸಿಗುವುದು ಸಂಜೆ ಆರರಿಂದ ಒಂಬತ್ತು. ಬಾಟಲಿ ಬಿಚ್ಚುವುದೂ ಅದೇ ಹೊತ್ತಿಗೆ. ದಿನಾ ಹೆದರಿ ಕೂತ ಮಗುವಿನ ಮೈಯಲ್ಲಿ ಭಯದ ಹಾರ್ಮೋನು ಕಾರ್ಟಿಸಾಲ್ ಇಳಿಯುವುದೇ ಇಲ್ಲ. ನಿದ್ದೆ ಕೆಡುತ್ತದೆ, ಕಲಿತದ್ದು ನಿಲ್ಲುವುದಿಲ್ಲ. ಕೆಲವು ಮಕ್ಕಳು ಮತ್ತೆ ಹಾಸಿಗೆ ಒದ್ದೆ ಮಾಡಲು ಶುರು ಮಾಡುತ್ತಾರೆ. ದಯವಿಟ್ಟು ಅದಕ್ಕೆ ಬೈಯಬೇಡಿ.

ಬಸುರಿಯರಿಗೆ ಒಂದು ಮಾತು. ಮೈಕೈ ನೋವಿಗೆ ಅಂತ ಒಂದು ಗುಟುಕು ಕುಡಿದರೂ ಅದು ಹೊಕ್ಕುಳಬಳ್ಳಿಯಲ್ಲಿ ಹೊಟ್ಟೆಯ ಕೂಸಿಗೆ ಹೋಗುತ್ತದೆ. ಇಷ್ಟಾದರೆ ಪರವಾಗಿಲ್ಲ ಅನ್ನುವ ಅಳತೆಯೇ ಇಲ್ಲ. ಇದರಿಂದ ಹುಟ್ಟಿನಿಂದಲೇ ಬರುವ ತೊಂದರೆಗೆ 1973ರಲ್ಲಿ ಅಮೆರಿಕದ ವೈದ್ಯರು ಫೀಟಲ್ ಆಲ್ಕೊಹಾಲ್ ಸಿಂಡ್ರೋಮ್ ಎಂದು ಹೆಸರಿಟ್ಟರು. ಬೆಳವಣಿಗೆ ಕಡಿಮೆ, ಮೇಲ್ದುಟಿ ತೆಳು, ಕಲಿಕೆ ನಿಧಾನ. ಹುಟ್ಟಿದ ಮೇಲೆ ಔಷಧಿ ಕೊಟ್ಟು ಇದನ್ನು ವಾಸಿ ಮಾಡಲು ಬರುವುದಿಲ್ಲ. ಆದರೆ ಒಂಬತ್ತು ತಿಂಗಳು ಮುಟ್ಟದಿದ್ದರೆ ಇದು ಬರುವುದೇ ಇಲ್ಲ. ಆ ಒಂಬತ್ತು ತಿಂಗಳು ಗಂಡನೂ ಬಿಟ್ಟರೆ ಹೆಂಡತಿಗೆ ಎಷ್ಟು ಹಗುರ!

ಇನ್ನು ಬ್ರಾಂದಿ. ಶೀತ ಆಗಿದೆ ಅಂತ ಮಗುವಿಗೆ ಅರ್ಧ ಚಮಚ ಕೊಡುವುದು, ಎದೆಗೆ ತಿಕ್ಕುವುದು ನಮ್ಮ ಕಡೆ ಇವತ್ತಿಗೂ ಇದೆ. ಪ್ರೀತಿಯಿಂದಲೇ ಮಾಡುತ್ತಾರೆ, ಗೊತ್ತು. ಆದರೆ ಬ್ರಾಂದಿ ಚರ್ಮದ ರಕ್ತನಾಳ ಹಿಗ್ಗಿಸುತ್ತದೆ. ಬೆಚ್ಚಗಾದ ಹಾಗೆ ಅನಿಸುತ್ತದೆ, ನಿಜವಾಗಿ ಮೈಯ ಬಿಸಿ ಹೊರಗೆ ಹೋಗುತ್ತದೆ. ಸಣ್ಣ ಮಕ್ಕಳಲ್ಲಿ ರಕ್ತದ ಸಕ್ಕರೆ ಇಳಿದು ಫಿಟ್ಸ್ ಕೂಡ ಬರಬಹುದು. ಕಂಬಳಿ ಹೊದಿಸಿ, ಬಿಸಿ ಗಂಜಿ ಕೊಡಿ. ಉಸಿರು ಏದುತ್ತಿದ್ದರೆ ಕೂಡಲೇ ಆಸ್ಪತ್ರೆಗೆ ಬನ್ನಿ.

ಬಿಡಬೇಕು ಅಂದುಕೊಂಡವರಿಗೆ ಒಂದು ಎಚ್ಚರಿಕೆ. ಬೆಳಿಗ್ಗೆ ಎದ್ದ ಕೂಡಲೇ ಕೈ ನಡುಗುವವರು ಸುಮ್ನೆ ಒಂದೇ ದಿನಕ್ಕೆ ನಿಲ್ಲಿಸಬೇಡಿ, ಅಪಾಯ. ಡಾಕ್ಟರನ್ನು ಕೇಳಿಕೊಂಡೇ ಕುಡಿತ ಬಿಡಿ, ಅದಕ್ಕೆ ಮಾತ್ರೆ ಇದೆ. 14416 ಟೆಲಿ ಮಾನಸ್ ಅನ್ನುವ ಮಾನಸಿಕ ಆರೋಗ್ಯ ಸಹಾಯವಾಣಿಯ ನಂಬರ್, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಹೆಂಡತಿಯೂ ಫೋನ್ ಮಾಡಬಹುದು. ಮನೆಯಲ್ಲಿ ಮಗುವಿಗೆ ಏಟು ಬೀಳುತ್ತಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಆ ಹುಡುಗಿಯ ಅಪ್ಪ ಎರಡು ವಾರದ ನಂತರ ಒಬ್ಬರೇ ಬಂದಿದ್ದರು. ಬೈಕಿನ ಕತೆ ಹೇಳಿದೆ. ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, "ಈಗ ಏನು ಮಾಡ್ಬೇಕು ಹೇಳಿ ಡಾಕ್ಟ್ರೇ" ಎಂದರು.

ನಾನು ನಾಲ್ಕು ಗಂಟೆಯವರೆಗೆ ಪಕ್ಕದ ಕೋಣೆಯಲ್ಲಿ ಇರುತ್ತೇನೆ. ಒಬ್ಬೊಬ್ಬರೇ ಬನ್ನಿ, ಬಾಗಿಲು ಹಾಕಿಕೊಂಡು ಮಾತಾಡೋಣ.